16 ಸಾಲಿನೊಳಗೆ ‘ಬೆಣ್ಣೆ ಬಿಸ್ಕತ್ತು’

ಭಾವನ ಬೇಕರಿಗೆ ಒಂದು ಎಲ್‌ಇಡಿ ಬೋರ್ಡ್ ಬೇಕಿತ್ತು. ಮೂರು ಪಿ10 ಪ್ಯಾನಲ್ ತಂದೆ. ಒಂದೊಂದರಲ್ಲಿ ಅಡ್ಡಕ್ಕೆ 32, ಮೇಲಿಂದ ಕೆಳಕ್ಕೆ 16 ದೀಪ. ದೀಪದಿಂದ ದೀಪಕ್ಕೆ 10 ಮಿಲಿಮೀಟರ್. ಮೂರನ್ನೂ ಪಕ್ಕಪಕ್ಕ ಜೋಡಿಸಿದರೆ 96 ಚುಕ್ಕಿ ಅಗಲ. ನಡೆಸೋದಕ್ಕೆ ಮನೆಯಲ್ಲೇ ಇದ್ದ ಆರ್ಡುಯಿನೊ ಊನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್. ಇಂಗ್ಲಿಷಿನ ‘ವೆಲ್‌ಕಮ್’ ಅರ್ಧ ಗಂಟೆಯಲ್ಲಿ ಬಂತು. ಭಾವ ನೋಡಿ, “ಚೆನ್ನಾಗಿದೆ ಕಣಪ್ಪ. ಈಗ ಬೆಣ್ಣೆ ಬಿಸ್ಕತ್ತು ಅಂತ ಹಾಕು” ಅಂದರು. ಆ ಎರಡು ಪದಕ್ಕೆ ನನ್ನ ಎಂಟು ಭಾನುವಾರ ಹೋದವು.

ಇಂಗ್ಲಿಷಿಗೆ ಪಿಕ್ಸೆಲ್ ಫಾಂಟ್, ಅಂದರೆ ಚುಕ್ಕಿಗಳಲ್ಲೇ ಬರೆದ ಅಕ್ಷರ, ಸಲೀಸು. 1980ರ ದಶಕದ ಆರ್ಕೇಡ್ ಆಟಗಳಲ್ಲಿ ಒಂದು ಅಕ್ಷರಕ್ಕೆ 8×8 ಚೌಕ ಇರುತ್ತಿತ್ತು. ಸಾಲಿನ ಎಂಟು ಚುಕ್ಕಿಗೆ ಒಂದು ಬೈಟ್, ಅಕ್ಷರಕ್ಕೆ ಎಂಟು ಬೈಟ್, ಮುಗೀತು. ‘ಪ್ರೆಸ್ ಸ್ಟಾರ್ಟ್ 2ಪಿ’ ಫಾಂಟ್ ನೋಡಿದ್ದರೆ ಆ ಮೆಟ್ಟಿಲು ಮೆಟ್ಟಿಲಾದ ಅಂಚು ನಿಮಗೆ ಗೊತ್ತಿರುತ್ತದೆ. ಆಗ ಮೆಮೊರಿ ಸಾಲದೆ ಹಾಗೆ ಬರೆದರು, ಈಗ ಜನ ಇಷ್ಟಪಟ್ಟು ಹಾಕಿಕೊಳ್ಳುತ್ತಾರೆ.

ನಾನು ಮೊದಲು ಸೋಮಾರಿತನ ಮಾಡಿದೆ. ಕಂಪ್ಯೂಟರಿನಲ್ಲಿದ್ದ ಒಂದು ಕನ್ನಡ ಫಾಂಟನ್ನೇ 16 ಚುಕ್ಕಿಗೆ ಇಳಿಸಿ ನೋಡಿದೆ. ‘ಣ್ಣೆ’ ಕಲಸಿದ ಅವಲಕ್ಕಿಯ ಹಾಗೆ ಬಂತು. ಆಮೇಲೆ ಅಕ್ಕನ ಮಗಳ ಚೌಕುಳಿ ಲೆಕ್ಕದ ಪುಸ್ತಕ ಇಸಕೊಂಡು, ಪೆನ್ಸಿಲ್ ಹಿಡಿದು ಕೂತೆ.

16 ಸಾಲನ್ನು ಹೀಗೆ ಹಂಚಿದೆ: ತಲೆಕಟ್ಟು, ಗುಡಿಸಿಗೆ ಮೇಲಿನ 3. ಅಕ್ಷರದ ಮೈಗೆ 7. ಒಂದು ಸಾಲು ಖಾಲಿ. ಒತ್ತಕ್ಷರಕ್ಕೆ ಕೆಳಗಿನ 5. ಮೈಗೆ ಏಳೇ ಸಾಲು ಅಂದರೆ ದುಂಡು ಅಕ್ಷರಗಳಿಗೆ ಕಷ್ಟ. ‘ರ’ದ ಗುಂಡು ಬರೆಯಲು 7×7 ಚೌಕದ ನಾಲ್ಕು ಮೂಲೆಯ ಒಂದೊಂದು ಚುಕ್ಕಿ ತೆಗೆದೆ, ದುಂಡಗೆ ಕಂಡಿತು. ನಡುವೆ ಒಂದು ಚುಕ್ಕಿ ಇಟ್ಟರೆ ಅದೇ ‘ಠ’.

ಎಲ್ಲ ಗುಣಿತಾಕ್ಷರವನ್ನೂ ಬೇರೆಬೇರೆ ಬರೆಯೋಣ ಅಂದರೆ 34 ವ್ಯಂಜನಕ್ಕೆ ಹದಿನಾಲ್ಕರಂತೆ 476 ಚಿತ್ರ. ಒಂದಕ್ಕೆ 32 ಬೈಟ್ ಹಿಡಿದರೂ 15 ಕಿಲೋಬೈಟ್ ಅಲ್ಲೇ ಹೋಯಿತು, ಒತ್ತು ಇನ್ನೂ ಬಂದಿಲ್ಲ. ಊನೊದಲ್ಲಿ ಪ್ರೋಗ್ರಾಮಿಗೆಲ್ಲ ಸೇರಿ ಇರೋದು 32 ಕಿಲೋಬೈಟ್. ಆಗ ನೆನಪಾದದ್ದು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫೈಲುಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಅಂತ ಬರೆದ ಫೈಲ್ ತೆರೆದರೆ, ಮೇಲೊಂದು ಓರೆ ಗೀಟಿರುವ ಇಂಗ್ಲಿಷ್ ‘ಎ’ ಮೂರು ಸಲ ಕಾಣಿಸುತ್ತಿತ್ತು ಅಲ್ವಾ? ಅದೇ ತಲೆಕಟ್ಟು. ಮೈ ಬೇರೆ, ತಲೆ ಬೇರೆ. ನಾನೂ ಹಾಗೇ ಬಿಡಿಭಾಗ ಮಾಡಿದೆ. ನೂರಿಪ್ಪತ್ತು ತುಂಡಿನಲ್ಲಿ ಹೆಚ್ಚುಕಮ್ಮಿ ಎಲ್ಲ ಕೆಲಸ ಆಯಿತು. ಆದರೆ ಜ, ಟ, ಣ, ಬ, ಲ ಇಂಥವಕ್ಕೆ ತಲೆಕಟ್ಟೇ ಇಲ್ಲವಲ್ಲ! ಭಾವ ಕೇಳಿದ ಐದಕ್ಷರದಲ್ಲಿ ಮೂರು ಆ ಜಾತಿಯವೇ. ಅವುಗಳ ಗುಣಿತವನ್ನು ಮಾತ್ರ ಇಡಿಯಾಗಿ ಬರೆದೆ.

ಅತಿ ಜಾಸ್ತಿ ಕಾಡಿದ್ದು ಣ ಒತ್ತು. ಮೂರು ಹೊಟ್ಟೆಯ ಅಕ್ಷರವನ್ನು ಐದು ಸಾಲಿನಲ್ಲಿ ಬರೆದರೆ ಬಾಚಣಿಗೆ ಮುರಿದು ಬಿದ್ದ ಹಾಗಿರುತ್ತಿತ್ತು. ಕೊನೆಗೆ ಒತ್ತನ್ನು ಮೈಯ ಅಡಿಯಿಂದ ಬಲಕ್ಕೆ ಸರಿಸಿದೆ. ಅಲ್ಲಿ ಮೈಯ ಪಕ್ಕದ ಖಾಲಿ ಜಾಗವೂ ಸಿಗುತ್ತದೆ, ಐದು ಸಾಲು ಏಳಾಯಿತು. ಕೈಬರಹದಲ್ಲೂ ನಾವು ಒತ್ತನ್ನು ಬಲಕ್ಕೇ ಬರೆಯುತ್ತೇವೆ. ಇಷ್ಟು ಹೊಳೆಯೋದಕ್ಕೆ ಎರಡು ಭಾನುವಾರ ಬೇಕಾಯಿತು ನೋಡಿ.

ಮೊದಲ ಸಲ ಹಚ್ಚಿದಾಗ ಇಡೀ ಬೋರ್ಡ್ ಕೆಂಪಗೆ ಉರಿದು, ಅಕ್ಷರಗಳು ಮಾತ್ರ ಕಪ್ಪಗಿದ್ದವು. ನಾನು ಬಳಸಿದ ಲೈಬ್ರರಿಯಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) 0 ಅಂದರೆ ದೀಪ ಹತ್ತುತ್ತದೆ, 1 ಅಂದರೆ ಆರುತ್ತದೆ. ನಾನು ಉಲ್ಟಾ ಬರೆದಿದ್ದೆ. ಅದನ್ನು ತಿರುಗಿಸಿದ ಮೇಲೆ ಬಿಸ್ಕತ್ತು ಬಂತು.

ರಾತ್ರಿ ಇನ್ನೊಂದು ತೊಂದರೆ. ಹಬ್ಬಕ್ಕೆ ‘ಶುಭಾಶಯ’ ಅಂತ ಹಾಕಿದ್ದೆವು, ರಸ್ತೆಯ ಆಚೆಯಿಂದ ನೋಡಿದರೆ ‘ಶುಬಾಶಯ’. ಭ-ದ ಹೊಟ್ಟೆ ಸೀಳು ಇದ್ದದ್ದು ಒಂದೇ ಚುಕ್ಕಿ ಕತ್ತಲೆ, ಅಕ್ಕಪಕ್ಕದ ದೀಪದ ಬೆಳಕು ಅದನ್ನು ನುಂಗಿತ್ತು. ಸೀಳನ್ನು ಎರಡು ಚುಕ್ಕಿ ಮಾಡಿದೆ, ಕಡ್ಡಿಯನ್ನು ಖಾಲಿ ಸಾಲಿಗೂ ಇಳಿಸಿದೆ, ರಾತ್ರಿ ಬೆಳಕು ಕಡಿಮೆ ಮಾಡಿದೆ. ಕಾಗದದ ಮೇಲೆ ಚೆನ್ನಾಗಿ ಕಂಡದ್ದೆಲ್ಲ ಬೋರ್ಡಿನ ಮೇಲೆ ಹಾಗೇ ಕಾಣೋದಿಲ್ಲ. ಐವತ್ತು ಅಡಿ ದೂರ ಹೋಗಿ ನಿಂತು ನೋಡಲೇಬೇಕು.

ಅದೇ ಅಕ್ಷರಗಳನ್ನು ಬಿಸ್ಕತ್ತಿನ ಡಬ್ಬಿಯ ಸ್ಟಿಕ್ಕರಿಗೂ ಬಳಸಿದೆವು. ಇಲ್ಲಿ ಒಂದೇ ಎಚ್ಚರಿಕೆ: ದೊಡ್ಡದು ಮಾಡುವಾಗ ಎರಡು ಪಟ್ಟು, ಮೂರು ಪಟ್ಟು ಹೀಗೆ ಪೂರ್ಣ ಸಂಖ್ಯೆಯಲ್ಲೇ ಮಾಡಬೇಕು. ಒಂದೂವರೆ ಪಟ್ಟು ಮಾಡಿದರೆ ಕೆಲವು ಚುಕ್ಕಿ ದಪ್ಪ, ಕೆಲವು ಸಣ್ಣ. ಸಾಫ್ಟ್‌ವೇರಿನಲ್ಲಿ ಹಿಗ್ಗಿಸುವ ವಿಧಾನ ಕೇಳಿದಾಗ ‘ನಿಯರೆಸ್ಟ್ ನೇಬರ್’ ಆರಿಸಿ, ಇಲ್ಲದಿದ್ದರೆ ಅಂಚು ಮಬ್ಬಾಗುತ್ತದೆ. ಬೆಲೆಪಟ್ಟಿಗೂ ಹಾಕಿ ನೋಡಿದೆವು, ಅದು ಬೇಡವಾಗಿತ್ತು. ಸಣ್ಣ ಅಕ್ಷರದ ಇಪ್ಪತ್ತು ಸಾಲನ್ನು ಈ ಫಾಂಟಿನಲ್ಲಿ ಓದಿದರೆ ಕಣ್ಣು ನೋಯುತ್ತದೆ.

ಆಗಸ್ಟ್ 15ಕ್ಕೆ ಭಾವ ‘ಸ್ವಾತಂತ್ರ್ಯ’ ಕೇಳಿದರು. ‘ತ್ರ್ಯ’ದಲ್ಲಿ ಎರಡು ಒತ್ತು. ಒಂದರ ಕೆಳಗೊಂದು ಇಡಲು ಸಾಲೇ ಇಲ್ಲ, ಪಕ್ಕಪಕ್ಕ ಇಟ್ಟೆ. ಅದರ ಮುಂದೆ ‘ದಿನಾಚರಣೆ’ ಸೇರಿದಾಗ 96 ಚುಕ್ಕಿ ಸಾಲಲಿಲ್ಲ, ಅಕ್ಷರ ಓಡಿಸಬೇಕಾಯಿತು. ಓಡುವ ಅಕ್ಷರ ಭಾವನಿಗೆ ಆಗೋದಿಲ್ಲ, “ಬಸ್ಸಿನ ಬೋರ್ಡ್ ಇದ್ದ ಹಾಗಿದೆ” ಅಂತಾರೆ. ನಾಲ್ಕನೇ ಪ್ಯಾನಲ್ಲಿಗೆ ದುಡ್ಡು ಕೊಟ್ಟಿದ್ದಾರೆ.