ಬೀಪ್ ಅಂದಾಕ್ಷಣ ನಂಬಬೇಡಿ: ಆಸ್ಪತ್ರೆ ಸ್ಟೋರಿನಲ್ಲಿ ಬಾರ್‌ಕೋಡ್ ಓದಿಸುವುದು ಹೀಗೆ

ವಿರಾಜಪೇಟೆ ಕಡೆಯ ಒಂದು ನರ್ಸಿಂಗ್ ಹೋಮ್. ಕಕ್ಕಡ ತಿಂಗಳು, ಹೊರಗೆ ಬಿಡದ ಮಳೆ. ಸ್ಟೋರಿನ ಹುಡುಗ ಕ್ಯಾತಿಟರ್ ಪೊಟ್ಟಣಗಳನ್ನು ಒಂದೊಂದಾಗಿ ಸ್ಕ್ಯಾನರ್ ಮುಂದೆ ಹಿಡಿಯುತ್ತಿದ್ದ. ಬೀಪ್, ಬೀಪ್, ಬೀಪ್. ಮುಗಿಸಿ ಕಾಫಿ ಕುಡಿಯಲು ಹೋದ. ನಾನು ಪರದೆ ನೋಡಿದೆ. ಎಕ್ಸ್‌ಪೈರಿ 2031ರ ಮೇ 27 ಅಂತಿತ್ತು. ಪೊಟ್ಟಣದ ಮೇಲೆ ಅಚ್ಚಾಗಿದ್ದದ್ದು 2027ರ ಮೇ 31.

ಸ್ಕ್ಯಾನರ್ ತಪ್ಪು ಓದಿರಲಿಲ್ಲ. ಅದು ಕೊಟ್ಟಿದ್ದು 270531. ಬಾರ್‌ಕೋಡಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಹುಡುಗ ನಮ್ಮ ಅಭ್ಯಾಸದಂತೆ ತಿರುಗಿಸಿ ಓದಿ ಟೈಪ್ ಮಾಡಿದ್ದ. ಇಂಥದ್ದನ್ನು ಎಷ್ಟೋ ಕಡೆ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನಿಸಿತು.

ಹೆಜ್ಜೆ 1: ಸರಿಯಾದ ಕೋಡ್ ಹುಡುಕಿ

ಒಂದೇ ಪೆಟ್ಟಿಗೆಯ ಮೇಲೆ ಮೂರು ನಾಲ್ಕು ಕೋಡ್ ಇರಬಹುದು. ಮೂರು ಮೂಲೆಯಲ್ಲಿ ಚೌಕ ಇದ್ದರೆ ಅದು ಕ್ಯೂಆರ್. ಹೆಚ್ಚಾಗಿ ಕಂಪನಿಯ ವೆಬ್‌ಸೈಟಿಗೆ ಕರೆದುಕೊಂಡು ಹೋಗುತ್ತದೆ, ಅಷ್ಟೇ. ಎರಡು ಅಂಚು ದಪ್ಪ ಕಪ್ಪು ಗೆರೆಯಾಗಿ ಕೂಡಿಕೊಂಡ ಪುಟ್ಟ ಚೌಕ ಡೇಟಾಮ್ಯಾಟ್ರಿಕ್ಸ್. ವೈದ್ಯಕೀಯ ಸಾಧನದ ಗುರುತು, ಅಂದರೆ ಯುಡಿಐ, ಸಾಮಾನ್ಯವಾಗಿ ಇದರಲ್ಲೋ ಉದ್ದನೆಯ ಗೆರೆಗಳ ಕೋಡಿನಲ್ಲೋ ಇರುತ್ತದೆ. ಅಮೆರಿಕ 2013ರಲ್ಲಿ ಯುಡಿಐ ನಿಯಮ ತಂದಿತು. ನಮ್ಮ 2017ರ ವೈದ್ಯಕೀಯ ಸಾಧನಗಳ ನಿಯಮಗಳಲ್ಲೂ ಇದರ ಪ್ರಸ್ತಾಪ ಇದೆ.

ಹೊರಗಿನ ಪೆಟ್ಟಿಗೆಯ ನಂಬರೂ ಒಳಗಿನ ಬಿಡಿ ಪೊಟ್ಟಣದ ನಂಬರೂ ಬೇರೆ ಬೇರೆ. ಪೆಟ್ಟಿಗೆ ಸ್ಕ್ಯಾನ್ ಮಾಡಿ ಒಂದು ಎಂದು ಎಣಿಸಿದರೆ, ಮೆಣಸಿನ ಚೀಲ ಎಣಿಸಿ ಕೆಜಿ ಲೆಕ್ಕ ಬರೆದ ಹಾಗೆ. ವಾರ್ಡಿಗೆ ಹೋಗುವುದು ಬಿಡಿ ಪೊಟ್ಟಣ ತಾನೇ? ಅದನ್ನೇ ಓದಿಸಿ.

ಇನ್ನೊಂದು ಮಾತು. ಒಂದೇ ಕೆಂಪು ಗೆರೆ ಬಿಡುವ ಅಗ್ಗದ ಲೇಸರ್ ಸ್ಕ್ಯಾನರ್ ಡೇಟಾಮ್ಯಾಟ್ರಿಕ್ಸ್ ಓದುವುದೇ ಇಲ್ಲ. ಚೌಕದ ಕೋಡನ್ನೂ ಓದುವ ಟೂ-ಡಿ ಸ್ಕ್ಯಾನರ್ ಕೇಳಿ ತನ್ನಿ, ಅದೂ ವೈರ್ ಇರುವುದನ್ನು. ಮಳೆಗಾಲದಲ್ಲಿ ದಿನವಿಡೀ ಕರೆಂಟ್ ಇಲ್ಲದೆ ಚಾರ್ಜ್ ಮುಗಿದ ವೈರ್‌ಲೆಸ್ ಸ್ಕ್ಯಾನರ್ ಪೇಪರ್‌ವೇಟ್ ಅಷ್ಟೇ. ಮೊಬೈಲಿನ ಪುಕ್ಕಟೆ ಆ್ಯಪ್‌ಗಳಂತೂ ಬೇಡವೇ ಬೇಡ. ಪ್ರತಿ ಪೊಟ್ಟಣಕ್ಕೊಂದು ಜಾಹೀರಾತು ಯಾರಿಗೆ ಬೇಕು?

ಹೆಜ್ಜೆ 2: ಓದಿಸಿ

ಗೇಣು ದೂರದಲ್ಲಿ ಹಿಡಿದು, ಹೊಳೆಯುವ ಹಾಳೆಯಾದರೆ ಸ್ವಲ್ಪ ಓರೆ ಮಾಡಿ, ಒತ್ತಿ. ಫ್ರಿಜ್‌ನಿಂದ ತೆಗೆದ ಪೊಟ್ಟಣದ ಮೇಲೆ ನಮ್ಮೂರಿನ ತೇವಕ್ಕೆ ಹನಿ ಕೂರುತ್ತದೆ. ಒಣ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ಹಾಕಿದರೆ ಎಷ್ಟೋ ಲೇಬಲ್‌ಗಳು ಮಸಿಯಾಗುತ್ತವೆ.

ಹೆಜ್ಜೆ 3: ಬಂದದ್ದನ್ನು ಬಿಡಿಸಿ ನೋಡಿ

ಎಡವುವುದೆಲ್ಲ ಇಲ್ಲೇ. ನಿಧಾನವಾಗಿ ಓದಿ.

ಸ್ಕ್ಯಾನ್ ಮಾಡಿದರೆ ಬರುವುದು ಒಂದು ಉದ್ದನೆಯ ಅಂಕಿ ಸಾಲು. ಹೆಚ್ಚು ಕಾಣಸಿಗುವುದು ಬಾರ್‌ಕೋಡ್ ನಂಬರ್ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಜಿಎಸ್1ರ ಪದ್ಧತಿ. ಅದರಲ್ಲಿ ಪ್ರತಿ ಮಾಹಿತಿಯ ಮುಂದೆ ಒಂದು ಗುರುತಿನ ಅಂಕಿ ಇರುತ್ತದೆ. 01 ಬಂದರೆ ಮುಂದಿನ 14 ಅಂಕಿ ಸಾಧನದ ನಂಬರ್. 17 ಬಂದರೆ ಮುಂದಿನ 6 ಅಂಕಿ ಎಕ್ಸ್‌ಪೈರಿ. 11 ತಯಾರಾದ ದಿನ. 10 ಬ್ಯಾಚ್, 21 ಸೀರಿಯಲ್. ಎಕ್ಸ್‌ಪೈರಿಯಲ್ಲಿ ದಿನದ ಜಾಗದಲ್ಲಿ 00 ಇದ್ದರೆ ಗಾಬರಿ ಬೇಡ, ಆ ತಿಂಗಳ ಕೊನೆಯ ದಿನ ಅಂತ ಅರ್ಥ.

ಸಾಧನದ ನಂಬರಿಗೂ ತಾರೀಖಿಗೂ ಅಳತೆ ನಿಗದಿ, ಹಾಗಾಗಿ ಗೊಂದಲ ಇಲ್ಲ. ಬ್ಯಾಚ್ ಮತ್ತು ಸೀರಿಯಲ್ ಹಾಗಲ್ಲ. 20 ಅಕ್ಷರದವರೆಗೆ ಎಷ್ಟು ಉದ್ದ ಬೇಕಾದರೂ ಇರಬಹುದು. ಹಾಗಾದರೆ ಬ್ಯಾಚ್ ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ಅದರ ನಂತರ ಇನ್ನೇನಾದರೂ ಇದ್ದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಗ್ರೂಪ್ ಸೆಪರೇಟರ್ ಅಂತ. ಬೇಲಿ ಗೂಟ ಇದ್ದ ಹಾಗೆ. ಎಷ್ಟೋ ಸ್ಕ್ಯಾನರ್‌ಗಳು ಇದನ್ನು ಕಂಪ್ಯೂಟರಿಗೆ ಕಳಿಸುವುದೇ ಇಲ್ಲ.

ಕಳಿಸದಿದ್ದರೆ ಏನಾಗುತ್ತದೆ? ಬ್ಯಾಚ್ 4521, ಸೀರಿಯಲ್ 7783 ಅಂದುಕೊಳ್ಳಿ. ಗೂಟ ಇಲ್ಲದೆ ಬರುವ ಸಾಲು 104521217783. ಇದನ್ನು ಬ್ಯಾಚ್ 45, ಸೀರಿಯಲ್ 217783 ಅಂತಲೂ ಓದಬಹುದು. ಸೀರಿಯಲ್ಲೇ ಇಲ್ಲ, ಪೂರ್ತಿ ಬ್ಯಾಚ್ ನಂಬರೇ ಅಂತಲೂ ಓದಬಹುದು. ಮೂರೂ ಸರಿ ಅನಿಸುತ್ತವೆ. ನಾಳೆ ಕಂಪನಿ 4521 ಬ್ಯಾಚ್ ವಾಪಸ್ ಕೊಡಿ ಎಂದಾಗ ನಿಮ್ಮ ಕಂಪ್ಯೂಟರ್ "ನಮ್ಮಲ್ಲಿಲ್ಲ" ಅನ್ನುತ್ತದೆ, ಮಾಲು ಕಪಾಟಿನಲ್ಲೇ ಇರುತ್ತದೆ.

ಪರಿಹಾರ ಸುಲಭ. ಸ್ಕ್ಯಾನರ್ ಜತೆ ಬರುವ ಪುಸ್ತಕದಲ್ಲಿ ಸೆಟ್ಟಿಂಗ್ ಬದಲಿಸುವ ಬಾರ್‌ಕೋಡ್‌ಗಳಿರುತ್ತವೆ. ಗ್ರೂಪ್ ಸೆಪರೇಟರ್ ಕಳಿಸುವುದನ್ನು ಅಲ್ಲಿ ಆನ್ ಮಾಡಿ, ಸಾಫ್ಟ್‌ವೇರಿನವರಿಗೂ ತಿಳಿಸಿ. ಆ ಪುಸ್ತಕವನ್ನು ಪೆಟ್ಟಿಗೆ ಜತೆ ಗುಜರಿಗೆ ಹಾಕುವವರೇ ಜಾಸ್ತಿ. ಹಾಕಬೇಡಿ.

ಲೇಬಲ್ ಮೇಲೆ ಗುರುತಿನ ಅಂಕಿಯ ಸುತ್ತ ಕಂಸ ಕಾಣುತ್ತದಲ್ಲ, ಅದು ನಮ್ಮ ಕಣ್ಣಿಗೆ ಮಾತ್ರ. ಕೋಡಿನೊಳಗೆ ಅದಿಲ್ಲ. ಕೈಯಲ್ಲಿ ಹೊಡೆಯುವಾಗ ಸಾಫ್ಟ್‌ವೇರ್ ಕೇಳದಿದ್ದರೆ ಸೇರಿಸಬೇಡಿ. ಸಾಲು ಕೂಡಿಸುವ ಚಿಹ್ನೆಯಿಂದ ಶುರುವಾದರೆ ಅದು ಎಚ್‌ಐಬಿಸಿ ಎಂಬ ಬೇರೆ ಪದ್ಧತಿ. ಈ ಲೆಕ್ಕ ಅಲ್ಲಿ ನಡೆಯದು.

ಅಂದ ಹಾಗೆ, ನಂಬರ್ 890ರಿಂದ ಶುರುವಾದರೆ ಭಾರತದಲ್ಲೇ ತಯಾರಾದದ್ದು ಎಂಬ ವಾಟ್ಸಾಪ್ ಮಾತು ಸುಳ್ಳು. ಕಂಪನಿ ಭಾರತದ ಜಿಎಸ್1 ಸಂಸ್ಥೆಯಿಂದ ನಂಬರ್ ಪಡೆದಿದೆ ಅಂತಷ್ಟೇ.

ಹೆಜ್ಜೆ 4: ಕಂಪ್ಯೂಟರಿನ ಎರಡು ಚೇಷ್ಟೆ

ಸ್ಕ್ಯಾನರ್ ಸಾಮಾನ್ಯವಾಗಿ ಕೀಬೋರ್ಡ್ ಥರ ಟೈಪ್ ಮಾಡುತ್ತದೆ. ಹಾಜರಿ ಪಟ್ಟಿ ಟೈಪ್ ಮಾಡಿ ಕನ್ನಡ ಕೀಬೋರ್ಡ್ ಹಾಗೇ ಬಿಟ್ಟಿದ್ದರೆ ಬ್ಯಾಚಿನ ಇಂಗ್ಲಿಷ್ ಅಕ್ಷರಗಳೆಲ್ಲ ಕಾಗುಣಿತವಾಗಿ ಬೀಳುತ್ತವೆ. ಕ್ಯಾಪ್ಸ್ ಲಾಕ್ ಕೂಡ ನೋಡಿಕೊಳ್ಳಿ.

ಎರಡನೆಯದು ಎಕ್ಸೆಲ್. 08901234567890 ಹಾಕಿದರೆ ಮುಂದಿನ ಸೊನ್ನೆ ನುಂಗುತ್ತದೆ. 15 ಅಂಕಿ ದಾಟಿದ ಸೀರಿಯಲ್ ಆದರೆ ಬಾಲದ ಅಂಕಿಗಳನ್ನೆಲ್ಲ ಸೊನ್ನೆ ಮಾಡಿಡುತ್ತದೆ. ಸ್ಕ್ಯಾನ್ ಮಾಡುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿ. ಆಮೇಲೆ ಮಾಡಿದರೆ ಕಳೆದ ಅಂಕಿ ವಾಪಸ್ ಬರುವುದಿಲ್ಲ.

ಹೆಜ್ಜೆ 5: ಲೇಬಲ್ ಜತೆ ತಾಳೆ ನೋಡಿ

ಮರಳು ಗಡಿಯಾರದ ಚಿತ್ರದ ಪಕ್ಕ ಇರುವುದು ಎಕ್ಸ್‌ಪೈರಿ. ಕಾರ್ಖಾನೆ ಚಿತ್ರದ ಪಕ್ಕ ತಾರೀಖು ಇದ್ದರೆ ಅದು ತಯಾರಾದ ದಿನ. ಪರದೆಯ ತಾರೀಖು, ಬ್ಯಾಚ್ ಎರಡನ್ನೂ ಹೊಸ ಮಾಲಿನ ಮೊದಲ ಪೊಟ್ಟಣದಲ್ಲಿ ಹೋಲಿಸಿ. ಒಂದೇ ನಿಮಿಷದ ಕೆಲಸ.

ಹೆಜ್ಜೆ 6: ಆಪರೇಷನ್ ಥಿಯೇಟರಿನಲ್ಲಿ

ಪೊಟ್ಟಣ ಹರಿಯುವ ಮೊದಲೇ ಸ್ಕ್ಯಾನ್ ಮಾಡಿ. ಹರಿದ ಮೇಲೆ ಕೋಡ್ ಎರಡು ತುಂಡಾಗಿ ಕಸದ ಬುಟ್ಟಿ ಸೇರಿರುತ್ತದೆ. ಸ್ಟೆಂಟ್, ಪೇಸ್‌ಮೇಕರಿನಂಥ ದೇಹದೊಳಗಿಡುವ ಸಾಧನಗಳ ಜತೆ ಕೀಳುವ ಸ್ಟಿಕರ್‌ಗಳು ಬರುತ್ತವೆ. ಒಂದನ್ನು ಕೇಸ್ ಶೀಟಿಗೆ, ಒಂದನ್ನು ರೋಗಿಯ ಕಾರ್ಡಿಗೆ ಅಂಟಿಸಿ. ಸ್ಟೋರಿನ ಬೆಲೆ ಚೀಟಿಯನ್ನು ಮಾತ್ರ ದಯವಿಟ್ಟು ಕೋಡಿನ ಮೇಲೆ ಅಂಟಿಸಬೇಡಿ ಎಂದು ಸಿಸ್ಟರ್‌ಗಳು ನಿಮಗೆ ಎಷ್ಟು ಸಲ ಹೇಳಿಲ್ಲ?

ಕರೆಂಟ್ ಹೋದ ದಿನಕ್ಕೆ ಒಂದು ನೋಟ್‌ಬುಕ್ ಇಡಿ. ನಂಬರ್, ಬ್ಯಾಚ್, ಸೀರಿಯಲ್, ಎಕ್ಸ್‌ಪೈರಿ, ನಾಲ್ಕು ಕಾಲಮ್ ಸಾಕು. ಎಕ್ಸ್‌ಪೈರಿ ಕಾಲಮ್ಮಿನಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, ಮೇ ಅಂತ ಅಕ್ಷರದಲ್ಲೇ ಬರೆಯಿರಿ, ವರ್ಷವನ್ನು ಪೂರ್ತಿ ನಾಲ್ಕಂಕಿಯಲ್ಲಿ.