ಮೈದಾನದಲ್ಲಿ ಕೈ ಎತ್ತಿದ ಮಕ್ಕಳಿಗೆ ಶಿಕ್ಷೆ ನಿರ್ಧರಿಸುವುದು ಹೇಗೆ?

ಹದಿಹರೆಯದ ಆಟಗಾರನೊಬ್ಬ ಎದುರಾಳಿಯ ಮುಖಕ್ಕೆ ಗುದ್ದಿದಾಗ ಅಥವಾ ತೀರ್ಪುಗಾರರ ಮೈಮೇಲೆ ಏರಿ ಹೋದಾಗ ಸುತ್ತಲಿನ ಹಿರಿಯರಿಂದ ಎರಡು ಬಗೆಯ ಮಾತು ಕೇಳಿಬರುತ್ತದೆ. ಆಟದಲ್ಲಿ ಇದೆಲ್ಲ ಇದ್ದದ್ದೇ ಎಂದು ಕೆಲವರು ತೇಲಿಸಿಬಿಡುತ್ತಾರೆ. ಇವನು ಇನ್ನು ಮೈದಾನಕ್ಕೆ ಕಾಲಿಡಲೇಬಾರದು ಎಂದು ಉಳಿದವರು ಪಟ್ಟು ಹಿಡಿಯುತ್ತಾರೆ. ಮೊದಲನೆಯದರಿಂದ ಪೆಟ್ಟು ತಿಂದವನಿಗೆ ನ್ಯಾಯ ಸಿಗುವುದಿಲ್ಲ, ಎರಡನೆಯದರಿಂದ ಹೊಡೆದವನಿಗೆ ಬುದ್ಧಿ ಬರುವುದಿಲ್ಲ. ಶಾಲೆಯ ದೈಹಿಕ ಶಿಕ್ಷಕರು, ಕ್ಲಬ್ಬಿನ ಪದಾಧಿಕಾರಿಗಳು, ತರಬೇತುದಾರರು ಶಿಸ್ತು ಸಮಿತಿಯಲ್ಲಿ ಕುಳಿತು ತೀರ್ಮಾನ ಹೇಳಬೇಕಾಗಿ ಬಂದಾಗ ಯಾವ ಕ್ರಮದಲ್ಲಿ ಯೋಚಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಶಿಕ್ಷೆಯ ಮಾತಿಗಿಂತ ಮೊದಲು ಗಾಯಗೊಂಡವರ ಆರೈಕೆಯಾಗಬೇಕು. ತಲೆಗೆ ಪೆಟ್ಟಾಗಿದ್ದರೆ ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಆ ದಿನ ಮತ್ತೆ ಆಡಿಸಬಾರದು, ವೈದ್ಯರಿಗೆ ತೋರಿಸಲೇಬೇಕು. ಹೊಡೆದವನನ್ನು ಜಗಳದಿಂದ ದೂರ ಕರೆದೊಯ್ದು, ಶಾಂತ ಸ್ವಭಾವದ ಹಿರಿಯರೊಬ್ಬರ ಜೊತೆ ಕೂರಿಸಬೇಕು. ಎರಡೂ ತಂಡದ ಮಕ್ಕಳು ಬೇರೆ ಬೇರೆ ಹೊತ್ತಿನಲ್ಲಿ ಮೈದಾನ ಬಿಟ್ಟು ಹೊರಡುವಂತೆ ನೋಡಿಕೊಳ್ಳುವುದೂ ಮುಖ್ಯ, ಏಕೆಂದರೆ ಮೈದಾನದ ಜಗಳ ಎಷ್ಟೋ ಸಲ ಗೇಟಿನ ಹೊರಗೆ ದೊಡ್ಡದಾಗುತ್ತದೆ.

ಹೇಳಿಕೆಗಳನ್ನು ಅದೇ ದಿನ ಬರೆಸಿಕೊಳ್ಳಿ. ಒಂದು ರಾತ್ರಿ ಕಳೆದರೆ ನೆನಪಿಗಿಂತ ಹೆಚ್ಚಾಗಿ ಪಕ್ಷಪಾತ ಮಾತನಾಡುತ್ತದೆ. 'ಅವನು ಹಿಂಸಾತ್ಮಕವಾಗಿ ವರ್ತಿಸಿದ' ಎಂಬಂಥ ವಾಕ್ಯದಿಂದ ಸಮಿತಿಗೆ ಏನೂ ಉಪಯೋಗವಿಲ್ಲ. ಸೀಟಿ ಊದಿಯಾಗಿತ್ತೇ, ಚೆಂಡು ಆಗ ಎಲ್ಲಿತ್ತು, ಇಬ್ಬರ ನಡುವೆ ಎಷ್ಟು ಅಂತರವಿತ್ತು, ಮೊಣಕೈ ತಾಗಿದ್ದು ಓಟದ ಭರದಲ್ಲೋ ಅಥವಾ ನಿಂತು, ತಿರುಗಿ, ನೋಡಿ ಬೀಸಿದ್ದೋ, ಬಿದ್ದವನ ಮೇಲೆ ಎರಡನೆಯ ಹೊಡೆತ ಬಿತ್ತೇ, ಅದಕ್ಕೆ ಮೊದಲು ಯಾರು ಏನೆಂದರು ಎಂಬುದೆಲ್ಲ ಹೇಳಿಕೆಯಲ್ಲಿರಬೇಕು. ಹದಿನೈದು ವರ್ಷದ ಹುಡುಗ ಸೀಟಿಯಾದ ಮೇಲೆ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದು ಬಂದು ಗುದ್ದಿದ್ದರೆ, ಆ ನಾಲ್ಕು ಹೆಜ್ಜೆಗಳಲ್ಲಿ ಅವನಿಗೆ ನಿಲ್ಲಲು ಅವಕಾಶವಿತ್ತು ಎಂದೇ ಅರ್ಥ. ಚೆಂಡಿಗಾಗಿ ಜಿಗಿದಾಗ ತಾಗಿದ ಮೊಣಕೈಯನ್ನು ಅದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಗಾಯ ಎಷ್ಟು ದೊಡ್ಡದು ಎಂಬುದೊಂದರಿಂದಲೇ ತಪ್ಪಿನ ಗಾತ್ರವನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಚೆಂಡು ಕಸಿಯಲು ಪ್ರಾಮಾಣಿಕವಾಗಿ ಮಾಡಿದ ಟ್ಯಾಕಲ್‌ನಲ್ಲಿ ಕಾಲು ಮುರಿಯಬಹುದು, ದುರುದ್ದೇಶದ ಗುದ್ದು ಗುರಿ ತಪ್ಪಿ ಏನೂ ಆಗದಿರಬಹುದು.

ಹೀಗೆ ವಿಂಗಡಿಸುವಾಗ ನ್ಯಾಯಾಲಯಗಳೂ ಆಟದ ನಿಯಮಗಳೂ ಹಾಕಿಕೊಟ್ಟ ದಾರಿ ನೆರವಿಗೆ ಬರುತ್ತದೆ. ಹವ್ಯಾಸಿ ಫುಟ್‌ಬಾಲ್ ಪಂದ್ಯವೊಂದರ ಟ್ಯಾಕಲ್‌ನಲ್ಲಿ ಎದುರಾಳಿಯ ಕಾಲಿಗೆ ತೀವ್ರ ಗಾಯವಾಗಿದ್ದ ಬಾರ್ನ್ಸ್ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 2004ರಲ್ಲಿ ಟ್ಯಾಕಲ್ ಮಾಡಿದವನು ಅಪರಾಧಿ ಎಂಬ ತೀರ್ಪನ್ನು ರದ್ದುಪಡಿಸಿತು. ಆಟಕ್ಕೆ ತನ್ನದೇ ಶಿಸ್ತಿನ ವ್ಯವಸ್ಥೆ ಇರುವುದರಿಂದ, ಅಪರಾಧವೆನ್ನುವಷ್ಟು ಗಂಭೀರವಾದ ವರ್ತನೆಗೆ ಮಾತ್ರ ಕ್ರಿಮಿನಲ್ ಮೊಕದ್ದಮೆ ಮೀಸಲಿರಬೇಕು ಎಂಬುದು ಅದರ ನಿಲುವಾಗಿತ್ತು. ಕ್ರಿಕೆಟ್ ನಿಯಮಗಳಲ್ಲಿ 2017ರಿಂದ ಇರುವ 42ನೇ ನಿಯಮವು ದುರ್ವರ್ತನೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಇನ್ನೊಬ್ಬರ ಮೇಲೆ ಹಲ್ಲೆ ಮಾಡುವುದು ನಾಲ್ಕನೆಯ ಹಂತ, ಹಾಗೆ ಮಾಡಿದವನು ಆ ಪಂದ್ಯದ ಉಳಿದ ಭಾಗದಿಂದಲೇ ಹೊರಗೆ. ನಿಮ್ಮ ಕ್ಲಬ್ಬಿನಲ್ಲಿ ಲಿಖಿತ ನಿಯಮವಿಲ್ಲದಿದ್ದರೆ ಇಂಥದೇ ಹಂತಗಳನ್ನು ಋತು ಶುರುವಾಗುವ ಮೊದಲೇ ಬರೆದು, ಮಕ್ಕಳಿಗೂ ಪೋಷಕರಿಗೂ ಓದಿ ಹೇಳಿ, ಸಹಿ ಪಡೆದಿಟ್ಟುಕೊಳ್ಳಿ. ಘಟನೆ ನಡೆದ ಮೇಲೆ ಬರೆದ ನಿಯಮವನ್ನು ಯಾರೂ ನ್ಯಾಯವೆಂದು ಒಪ್ಪುವುದಿಲ್ಲ.

ಪೊಲೀಸರಿಗೆ ಯಾವಾಗ ತಿಳಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಬ್ಯಾಟು, ಸ್ಟಿಕ್ಕುಗಳನ್ನು ಆಯುಧವಾಗಿ ಬಳಸಿದ್ದರೆ, ಹಲವರು ಸೇರಿ ಒಬ್ಬನನ್ನು ಥಳಿಸಿದ್ದರೆ, ನೆಲಕ್ಕೆ ಬಿದ್ದವನ ತಲೆಗೆ ಒದ್ದಿದ್ದರೆ, ಅದನ್ನು ಸಮಿತಿಯ ಕೋಣೆಯಲ್ಲೇ ಮುಚ್ಚಿಹಾಕುವ ಅಧಿಕಾರ ಯಾರಿಗೂ ಇಲ್ಲ; ಸಂಸ್ಥೆಯ ಹೆಸರು ಕೆಡುತ್ತದೆ ಎಂಬ ಕಾರಣಕ್ಕೆ ರಾಜಿ ಮಾಡಿಸುವುದು ಪೆಟ್ಟು ತಿಂದ ಮಗುವಿಗೆ ಮಾಡುವ ಎರಡನೆಯ ಗಾಯ. 2012ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಅಲ್ಮೇರೆಯಲ್ಲಿ ಬಾಲಕರ ಪಂದ್ಯವೊಂದಕ್ಕೆ ಸ್ವಯಂಸೇವಕರಾಗಿ ಲೈನ್ಸ್‌ಮನ್ ಆಗಿದ್ದವರೊಬ್ಬರು, ಪಂದ್ಯ ಮುಗಿದ ಮೇಲೆ ಎದುರಾಳಿ ತಂಡದ ಆಟಗಾರರಿಂದ ಒದೆ ತಿಂದು ಮರುದಿನ ತೀರಿಕೊಂಡರು. ಅವರ ಮಗನೂ ಅವರದೇ ಕ್ಲಬ್ಬಿನ ಆಟಗಾರ. ದೇಶದ ಫುಟ್‌ಬಾಲ್ ಸಂಸ್ಥೆ ಮುಂದಿನ ವಾರಾಂತ್ಯದ ಹವ್ಯಾಸಿ ಪಂದ್ಯಗಳನ್ನೆಲ್ಲ ರದ್ದುಗೊಳಿಸಿತು. 2013ರಲ್ಲಿ ನ್ಯಾಯಾಲಯ ಹದಿಹರೆಯದ ಆಟಗಾರರಿಗೆ ಹೆಚ್ಚೆಂದರೆ ಎರಡು ವರ್ಷಗಳ ಬಾಲ ಬಂಧನವನ್ನೂ, ಹಲ್ಲೆಯಲ್ಲಿ ಭಾಗಿಯಾಗಿದ್ದ ಆಟಗಾರನೊಬ್ಬನ ತಂದೆಗೆ ಆರು ವರ್ಷಗಳ ಸೆರೆವಾಸವನ್ನೂ ವಿಧಿಸಿತು. ಒಂದೇ ಕೃತ್ಯಕ್ಕೆ ಮಕ್ಕಳಿಗೊಂದು, ದೊಡ್ಡವರಿಗೊಂದು ಎಂಬ ಈ ವ್ಯತ್ಯಾಸ ಹಲವರನ್ನು ಕೆರಳಿಸುತ್ತದೆ. ಆದರೆ ಆವೇಗವನ್ನು ಹಿಡಿತದಲ್ಲಿಡುವ ಮೆದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ಮಧ್ಯದ ವಯಸ್ಸಿನಲ್ಲಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಕ್ಕಳನ್ನು ಬಂಧನದಲ್ಲಿಡುವುದು ಕೊನೆಯ ಉಪಾಯವಾಗಿರಬೇಕು, ಸಾಧ್ಯವಾದಷ್ಟು ಕಡಿಮೆ ಅವಧಿಯದಾಗಿರಬೇಕು ಎನ್ನುತ್ತದೆ. ಕೃತ್ಯ ಸಣ್ಣದೆಂದು ಇದರ ಅರ್ಥವಲ್ಲ. ಮಾಡಿದವನು ಇನ್ನೂ ಬದಲಾಗಬಲ್ಲ ವಯಸ್ಸಿನಲ್ಲಿದ್ದಾನೆ ಎಂದಷ್ಟೇ.

ಉಳಿದ ಪ್ರಕರಣಗಳು ನಿಮ್ಮ ಸಮಿತಿಯ ಮುಂದೆ ಬರುತ್ತವೆ. ಶಿಕ್ಷೆಯ ಕಠೋರತೆಗಿಂತ ಅದು ತಪ್ಪದೆ, ತಡವಾಗದೆ ಬರುತ್ತದೆ ಎಂಬ ಖಚಿತತೆಯೇ ಅಪರಾಧವನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದ. ಹದಿಹರೆಯದವರ ವಿಷಯದಲ್ಲಂತೂ ಇದು ಇನ್ನೂ ನಿಜ: ಮೂರು ತಿಂಗಳ ನಂತರ ಬರುವ ದೊಡ್ಡ ಶಿಕ್ಷೆಗಿಂತ ವಾರದೊಳಗೆ ಜಾರಿಯಾಗುವ ಸಣ್ಣ ಶಿಕ್ಷೆ ಮನಸ್ಸಿಗೆ ನಾಟುತ್ತದೆ. ಆದ್ದರಿಂದ ವಿಚಾರಣೆಯನ್ನು ಬೇಗ ನಡೆಸಿ, ಹುಡುಗನಿಗೆ ಪೋಷಕರ ಸಮ್ಮುಖದಲ್ಲಿ ಮಾತನಾಡಲು ಅವಕಾಶ ಕೊಡಿ, ಘಟನೆಯಲ್ಲಿ ಸಂಬಂಧವಿರುವ ತಂಡದ ತರಬೇತುದಾರರನ್ನು ತೀರ್ಪು ಕೊಡುವವರ ಸಾಲಿನಲ್ಲಿ ಕೂರಿಸಬೇಡಿ. ತಂಡದ ಅತ್ಯುತ್ತಮ ಆಟಗಾರ ಎಂಬ ಕಾರಣಕ್ಕೆ, ಮುಂದಿನ ವಾರ ಫೈನಲ್ ಇದೆ ಎಂಬ ಕಾರಣಕ್ಕೆ ಶಿಕ್ಷೆಯನ್ನು ಮುಂದೂಡಿದ ಕ್ಷಣವೇ ಮಿಕ್ಕ ಮಕ್ಕಳೆಲ್ಲ ಬೇರೊಂದು ಪಾಠ ಕಲಿತಿರುತ್ತಾರೆ.

ಬರೀ ಅಮಾನತು ಸಾಲದು. ನಿಷೇಧದ ಅವಧಿಯಲ್ಲಿ ಹುಡುಗನನ್ನು ಮನೆಯಲ್ಲಿ ಕೂರಿಸಿದರೆ ಅವನು ಕಲಿಯುವುದೇನೂ ಇಲ್ಲ, ಸಿಟ್ಟು ಮಾತ್ರ ಬೆಳೆಯುತ್ತದೆ. ಪಂದ್ಯಗಳಿಂದ ಹೊರಗಿಡಿ, ಆದರೆ ಅಭ್ಯಾಸಕ್ಕೆ ಬರಲಿ, ಕಿರಿಯರ ಪಂದ್ಯಗಳಿಗೆ ತೀರ್ಪುಗಾರರ ಸಹಾಯಕನಾಗಿ ದುಡಿಯಲಿ. ಸೀಟಿ ಹಿಡಿದು ನಿಂತವನ ಮೇಲೆ ನಾಲ್ಕು ಕಡೆಯಿಂದ ಕೂಗು ಬಿದ್ದಾಗ ಹೇಗಿರುತ್ತದೆ ಎಂಬುದು ಯಾವ ಉಪನ್ಯಾಸದಿಂದಲೂ ತಿಳಿಯದು. ಫುಟ್‌ಬಾಲ್ ಆಟಗಾರ ಎರಿಕ್ ಕಂಟೋನಾ 1995ರಲ್ಲಿ ಪ್ರೇಕ್ಷಕನೊಬ್ಬನಿಗೆ ಒದ್ದಾಗ ಮೊದಲು ವಿಧಿಸಿದ್ದ ಎರಡು ವಾರಗಳ ಜೈಲುಶಿಕ್ಷೆ ಮೇಲ್ಮನವಿಯಲ್ಲಿ 120 ಗಂಟೆಗಳ ಸಮುದಾಯ ಸೇವೆಯಾಗಿ ಬದಲಾಯಿತು, ಆ ಗಂಟೆಗಳನ್ನು ಅವರು ಮಕ್ಕಳಿಗೆ ಆಟ ಕಲಿಸುತ್ತ ಕಳೆದರು. ಆಟದ ಸಂಸ್ಥೆಯ ನಿಷೇಧ ಮಾತ್ರ ಆ ವರ್ಷದ ಸೆಪ್ಟೆಂಬರ್ ಕೊನೆಯವರೆಗೂ ಹಾಗೇ ಇತ್ತು. ವಯಸ್ಕ ವೃತ್ತಿಪರನಿಗೆ ಒಪ್ಪಿದ ಈ ಜೋಡಣೆ ಮಕ್ಕಳಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಕ್ಷಮಾಪಣೆಯನ್ನು ಬಲವಂತದಿಂದ ಹೇಳಿಸಬೇಡಿ. ನ್ಯೂಜಿಲೆಂಡ್ 1989ರ ಕಾನೂನಿನ ಮೂಲಕ ತಪ್ಪು ಮಾಡಿದ ಮಕ್ಕಳು, ಅವರ ಕುಟುಂಬ ಮತ್ತು ನೊಂದವರು ಒಟ್ಟಿಗೆ ಕುಳಿತು ಪರಿಹಾರ ನಿರ್ಧರಿಸುವ ಕುಟುಂಬ ಸಭೆಯ ಪದ್ಧತಿಯನ್ನು ಜಾರಿಗೆ ತಂದಿತು. ಅದೇ ಮಾದರಿಯಲ್ಲಿ ಸಣ್ಣ ಸಭೆಯೊಂದನ್ನು ನೀವೂ ಕರೆಯಬಹುದು, ಆದರೆ ಪೆಟ್ಟು ತಿಂದವನು ಮನಃಪೂರ್ವಕವಾಗಿ ಒಪ್ಪಿದರೆ ಮಾತ್ರ. ಅವನು ಒಲ್ಲೆನೆಂದರೆ ಅಲ್ಲಿಗೆ ಬಿಡಿ, ಕ್ಷಮಿಸುವ ಹೊರೆಯನ್ನು ಅವನ ತಲೆಗೆ ಕಟ್ಟಬೇಡಿ. ಚಿಕಿತ್ಸೆಯ ಖರ್ಚಿನ ವಿಷಯವನ್ನು ಪೋಷಕರೊಂದಿಗೆ ಪ್ರತ್ಯೇಕವಾಗಿ, ಲಿಖಿತವಾಗಿ ಇತ್ಯರ್ಥಪಡಿಸಿ.

ಹೊಡೆದವನಿಗೆ ತರಬೇತುದಾರರೇ ಹೊಡೆಯುವುದು, ಬಿಸಿಲಲ್ಲಿ ಸುತ್ತು ಓಡಿಸುವುದು, ಘಟನೆಯ ವಿಡಿಯೋವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಬಿಡುವುದು, ಒಬ್ಬನ ತಪ್ಪಿಗೆ ಇಡೀ ತಂಡವನ್ನು ದಂಡಿಸುವುದು ಇವ್ಯಾವುವೂ ಶಿಕ್ಷೆಯಲ್ಲ.

ದೊಡ್ಡವರ ಪಾಲನ್ನು ಸಮಿತಿಗಳು ಬಹುಮಟ್ಟಿಗೆ ನೋಡದೆ ಬಿಡುತ್ತವೆ, ನನಗೆ ಅತ್ಯಂತ ನೋವು ತರುವ ಸಂಗತಿ ಇದೇ. ಅಂಚಿನಲ್ಲಿ ನಿಂತು 'ಅವನ ಕಾಲು ಮುರಿ' ಎಂದು ಕೂಗಿದ ತರಬೇತುದಾರ, ಲೈನ್ಸ್‌ಮನ್‌ಗೆ ಬೈಯುತ್ತಲೇ ಇದ್ದ ತಂದೆ, ಮಗುವಿನ ಹೆಸರು ಹೇಳಿ ಕೆಣಕಿದ ಎದುರಾಳಿ ತಂಡದ ಪೋಷಕರು ಹೀಗೆ ಹೇಳಿಕೆಗಳಲ್ಲಿ ಕಾಣಿಸಿಕೊಂಡ ಪ್ರತಿಯೊಬ್ಬರನ್ನೂ ಕರೆಸಿ ವಿಚಾರಿಸಬೇಕು. 2006ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ಆಟಗಾರ ಮಟೆರಾಜಿಯ ಎದೆಗೆ ತಲೆಯಿಂದ ಗುದ್ದಿದ ಫ್ರಾನ್ಸಿನ ಜಿದಾನ್‌ಗೆ ಮೂರು ಪಂದ್ಯಗಳ ನಿಷೇಧ ಬಿದ್ದಾಗ, ಮಾತಿನಿಂದ ಕೆಣಕಿದ್ದಕ್ಕೆ ಮಟೆರಾಜಿಗೂ ಎರಡು ಪಂದ್ಯಗಳ ನಿಷೇಧ ಬಿದ್ದಿತು. ಕೆಣಕಿದ್ದರೆಂಬುದು ಹೊಡೆತಕ್ಕೆ ಸಮರ್ಥನೆಯಾಗಲಾರದು, ಆದರೆ ಕೆಣಕಿದವರು ಶಿಕ್ಷೆಯಿಲ್ಲದೆ ಪಾರಾದರೆ ಹುಡುಗನ ಕಣ್ಣಿಗೆ ಇಡೀ ತೀರ್ಪೇ ಸುಳ್ಳಾಗಿ ಕಾಣುತ್ತದೆ. ಮೈದಾನದ ಸುತ್ತ ನಿಲ್ಲದಂತೆ ಪೋಷಕರ ಮೇಲೆ ನಿರ್ಬಂಧ ಹೇರಲು ಹಿಂಜರಿಯಬೇಡಿ.

ತೀರ್ಪನ್ನು ಒಂದೇ ಪುಟದಲ್ಲಿ ಬರೆದು ಕೊಡಿ: ಏನು ನಡೆಯಿತೆಂದು ಸಮಿತಿ ನಂಬುತ್ತದೆ, ಶಿಕ್ಷೆ ಏನು, ಅದು ಮುಗಿಯುವ ದಿನ ಯಾವುದು, ಮೇಲ್ಮನವಿ ಯಾರಿಗೆ ಸಲ್ಲಿಸಬೇಕು. ಅದೇ ತಪ್ಪು ಮರುಕಳಿಸಿದರೆ ಶಿಕ್ಷೆ ಎಷ್ಟು ಹೆಚ್ಚುತ್ತದೆ ಎಂಬುದೂ ಅದರಲ್ಲಿರಲಿ. ನಿಷೇಧ ಮುಗಿಯುವ ದಿನಕ್ಕೆ ಮೊದಲು ತರಬೇತುದಾರರು ಹುಡುಗನೊಂದಿಗೆ ಒಬ್ಬರೇ ಕುಳಿತು, ಸಿಟ್ಟು ಏರುತ್ತಿದೆ ಎಂದು ಅವನಿಗೆ ಅನ್ನಿಸಿದಾಗ ಬೆಂಚಿನ ಕಡೆ ಕೊಡಬೇಕಾದ ಸನ್ನೆಯೊಂದನ್ನು ನಿಗದಿ ಮಾಡಿಕೊಳ್ಳಬೇಕು, ಆ ಸನ್ನೆ ಕಂಡ ಕೂಡಲೇ ಕಾರಣ ಕೇಳದೆ ಅವನನ್ನು ಹೊರಗೆ ಕರೆಸಿಕೊಳ್ಳಬೇಕು. ಮರಳಿ ಬಂದ ಮೊದಲ ಪಂದ್ಯದಲ್ಲಿ ಅವನು ಪೂರ್ತಿ ಹೊತ್ತು ಆಡಬೇಕಾಗಿಲ್ಲ. ಪೆಟ್ಟು ತಿಂದವನ ತಂಡದ ಎದುರೇ ಆ ಪಂದ್ಯ ಬೀಳದಂತೆ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ.