ಮದ್ದು ಬಿಟ್ಟು ತಂತಿ ಹಿಡಿದ ಮೇಲೆ

ನಮ್ಮ ಕ್ವಾರಿಯಲ್ಲಿ ಮದ್ದು ಸಿಡಿಸದೆ, ತಂತಿಯಿಂದ ಕೊಯ್ದು ಗ್ರಾನೈಟ್ ಬೆಂಚ್ (ಮೆಟ್ಟಿಲಿನಂಥ ಬಂಡೆ) ಬಿಡಿಸುತ್ತೇನೆ ಎಂದಾಗ ನಮ್ಮ ಮೇಸ್ತ್ರಿ, 'ದಾರ ಕಟ್ಟಿ ಬಂಡೆ ಕೊಯ್ಯುತ್ತೀರಾ ಸ್ವಾಮಿ?' ಎಂದು ನಕ್ಕಿದ್ದರು. ಮೊದಲ ಆರು ತಿಂಗಳು ಅವರ ನಗುವೇ ಗೆದ್ದಿತು.

ಮೊದಲ ಡೈಮಂಡ್ ತಂತಿ, ಅಂದರೆ ವಜ್ರದ ಹರಳು ಕೂಡಿಸಿದ ಮಣಿಗಳನ್ನು ಪೋಣಿಸಿದ ಉಕ್ಕಿನ ತಂತಿ, ಅರುವತ್ತು ಚದರ ಮೀಟರ್ ಕೂಡ ಕೊಯ್ಯದೆ ಹರಿಯಿತು. ಮಣಿಗಳನ್ನು ಅಂಗೈಯಲ್ಲಿಟ್ಟು ನೋಡಿದರೆ ಎಲ್ಲವೂ ಒಂದೇ ಮಗ್ಗುಲಿಗೆ ಸವೆದಿದ್ದವು. ತಂತಿಯನ್ನು ತಿರುಚದೆ ಜೋಡಿಸಿದ್ದೆವು. ಈಗ ಮೀಟರಿಗೆ ಸುಮಾರು ಒಂದೂವರೆ ಸುತ್ತು ತಿರುಚಿಯೇ ತುದಿಗಳನ್ನು ಕೂಡಿಸುವ ಕನೆಕ್ಟರ್ ಒತ್ತುತ್ತೇವೆ. ಎರಡನೆಯದು ನನ್ನ ಆತುರಕ್ಕೆ ಬಲಿಯಾಯಿತು. ನಿಂತ ಕೊಯ್ತ ಮುಗಿಸಿ ತಳದ ಕೊಯ್ತಕ್ಕೆ ಕೈ ಹಾಕಿದ್ದೆ. ಬಂಡೆ ಇಳಿದು ತಂತಿಯ ಮೇಲೆಯೇ ಕುಳಿತಿತು. ತಳವೇ ಮೊದಲು, ಕೊಯ್ದಂತೆಲ್ಲ ಸೀಳಿಗೆ ಉಕ್ಕಿನ ಬೆಣೆ: ಈ ಪಾಠಕ್ಕೆ ಒಂದು ಇಡೀ ತಂತಿಯ ದುಡ್ಡು ಹೋಯಿತು.

ತಂತಿ ದಾಟಿಸಲು ಎರಡು ಕಡೆಯಿಂದ ಕೊರೆದ ರಂಧ್ರಗಳು ಹತ್ತು ಮೀಟರ್ ಆಳದಲ್ಲಿ ಕೂಡದಿದ್ದರೆ ಎಲ್ಲವೂ ವ್ಯರ್ಥ. ಐದರಲ್ಲಿ ಎರಡು ತಪ್ಪುತ್ತಿದ್ದವು; ಈಗ ಇಪ್ಪತ್ತರಲ್ಲಿ ಒಂದು ತಪ್ಪಿದರೆ ಹೆಚ್ಚು. ಡ್ರಿಲ್ ಯಂತ್ರವನ್ನು ನೇರ ನೋಡಿ ಹೂಡುವ ನನ್ನ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ. ದಾರ ದಾಟಿಸುವುದನ್ನು ಮಾತ್ರ ಹೇಳುತ್ತೇನೆ: ನೈಲಾನ್ ದಾರದ ತುದಿಗೆ ಚಿಂದಿ ಕಟ್ಟಿ ಕಂಪ್ರೆಸರ್ ಗಾಳಿ ಊದಿದರೆ, ಅದು ಆಚೆ ರಂಧ್ರದಿಂದ ಹೊರಬರುತ್ತದೆ; ಅದಕ್ಕೆ ಕಟ್ಟಿ ತಂತಿಯನ್ನು ಎಳೆಯುತ್ತೇವೆ.

ನಡುವೆ ಬೆಂಕಿಯ ಜ್ವಾಲೆಯಿಂದ ಕಲ್ಲು ಉದುರಿಸುವ ಜೆಟ್ ಬರ್ನರ್ ಕೂಡ ಬಾಡಿಗೆಗೆ ತಂದಿದ್ದೆ. ಬಿಳಿಕಲ್ಲು ಚಟಪಟನೆ ಉದುರಿತು. ಕ್ವಾರ್ಟ್ಜ್ ಇಲ್ಲದ ಕರಿಕಲ್ಲು ಅಲುಗಲೇ ಇಲ್ಲ, ಡೀಸೆಲ್ ಮಾತ್ರ ಸುಟ್ಟಿತು. ನೀರಿನಲ್ಲಿ ಕಲಸಿ ರಂಧ್ರಕ್ಕೆ ತುಂಬಿದರೆ ಉಬ್ಬಿ ಕಲ್ಲು ಸೀಳುವ ಪುಡಿಯನ್ನೂ ತುಂಬಿ ನೋಡಿದೆ. ಒಂದು ದಿನ ಕಾದರೂ ಚಳಿಗೆ ಬಿರುಕು ಕೂದಲೆಳೆಯಷ್ಟೇ ಬಂತು. ಸೆಕೆಯಲ್ಲಿ ಅದೇ ಪುಡಿ ರಂಧ್ರದಿಂದ ಮೇಲಕ್ಕೆ ಚಿಮ್ಮಿತು.

ಲೆಕ್ಕ ಹೀಗಿದೆ. ತಂತಿಯ ಖರ್ಚು ಮದ್ದಿನ ಮೂರು ಪಟ್ಟು. ಆದರೆ ಸಿಡಿಸುವಾಗ ನೂರು ಘನ ಮೀಟರ್ ಬಂಡೆಗೆ ಹದಿನೈದರಷ್ಟು ಒಳ್ಳೆಯ ಬ್ಲಾಕ್ ಸಿಕ್ಕರೆ ಹೆಚ್ಚು, ಉಳಿದದ್ದು ಡಂಪಿಗೆ, ಅಂದರೆ ಬೇಡದ ಕಲ್ಲಿನ ಗುಡ್ಡೆಗೆ. ಈಗ ಮೂವತ್ತರ ಹತ್ತಿರ ಬರುತ್ತದೆ. ಪಾಲಿಶ್ ಹಾಕಿದಾಗ ಬಿರುಕು ಕಂಡು ವಾಪಸ್ ಬರುವ ಬ್ಲಾಕ್ ಬಹುತೇಕ ನಿಂತಿದೆ. ಹಳೆಯ ಡಂಪ್ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಎಲ್ಲ ಕ್ವಾರಿಗೂ ಇದು ಹೊಂದುವುದಿಲ್ಲ. ಜಲ್ಲಿಗೆ ಹೋಗುವ ಕಲ್ಲಿಗೆ, ಬಿರುಕು ತುಂಬಿದ ಮೇಲ್ಪದರಕ್ಕೆ ಮದ್ದೇ ಸರಿ. ಅಲ್ಲಿ ತಂತಿ ಎಳೆಯುವುದು ದುಡ್ಡು ಸುರಿದಂತೆ. ತಂತಿ ಹರಿದರೆ ಮಣಿಗಳು ಗುಂಡಿನಂತೆ ಹಾರುತ್ತವೆ. ನಮ್ಮಲ್ಲಿ ಒಂದು ಮಣಿ ಅಡ್ಡ ಕಟ್ಟಿದ್ದ ಕನ್ವೇಯರ್ ಬೆಲ್ಟನ್ನು ತೂರಿಕೊಂಡು ಹೋಗಿತ್ತು. ಅಂದಿನಿಂದ ಬೆಲ್ಟ್ ಎರಡು ಪದರ, ತಂತಿಯ ನೇರಕ್ಕೆ ಯಾರೂ ನಿಲ್ಲುವಂತಿಲ್ಲ, ಮೇಸ್ತ್ರಿಯವರೂ ಸಹ.

ಸದ್ಯದ ತಲೆನೋವು ಕೊಯ್ಯುವಾಗ ತಂತಿ ತಣಿಸಲು ಬಿಡುವ ನೀರು. ಮೂರು ಗುಂಡಿಗಳಲ್ಲಿ ಕೆಸರು ತಂಗಿಸಿ ಅದೇ ನೀರನ್ನು ಮತ್ತೆ ಬಿಡುತ್ತೇವೆ. ಕಲ್ಲಿನ ನುಣ್ಣನೆಯ ಪುಡಿ ಎರಡು ಪಂಪ್‌ಗಳನ್ನು ಆಗಲೇ ತಿಂದಿದೆ. ನಾಲ್ಕನೆಯ ಗುಂಡಿ ತೋಡಿಸುತ್ತಿದ್ದೇನೆ.